ಮೂರು ಟಿಬಿ ಡೇಟಾ, ಸಣಕಲು ಲೈನು: ಮೊದಲ ಸಿಂಕ್ ಮುಗಿಸಿದ ನನ್ನ ಅನುಭವ

ಮುಖ್ಯ ಕಚೇರಿಯಲ್ಲೊಂದು ಫೈಲ್ ಸರ್ವರ್, ದೂರದ ಶಾಖೆಯಲ್ಲಿ ಇನ್ನೊಂದು. ಎರಡರಲ್ಲೂ ವಿಂಡೋಸ್ ಸರ್ವರ್ 2012 ಆರ್2, ಎರಡೂ ಒಂದೇ ಡೊಮೇನ್. ಸುಮಾರು 3 ಟಿಬಿ ಡೇಟಾ, 11 ಲಕ್ಷದಷ್ಟು ಫೈಲ್‌ಗಳು. ಇವು ಎರಡೂ ಕಡೆ ಒಂದೇ ಥರ ಇರಬೇಕು, ಅದಕ್ಕೆ ಡಿಎಫ್‌ಎಸ್‌ಆರ್ (ಸರ್ವರ್‌ಗಳ ನಡುವೆ ಫೋಲ್ಡರ್ ಸಿಂಕ್ ಮಾಡುವ ವಿಂಡೋಸ್ ಸರ್ವರ್‌ನದೇ ಸೌಲಭ್ಯ) ಹಾಕು ಅಂತ ಕೆಲಸ ನನ್ನ ಪಾಲಿಗೆ ಬಂತು. ನಡುವೆ ಇದ್ದ ಲೈನು 20 ಎಂಬಿಪಿಎಸ್.

ಮೊದಲ ಸಲ ನಾನು ಲೆಕ್ಕವನ್ನೇ ಹಾಕಲಿಲ್ಲ. ಶುಕ್ರವಾರ ಸಂಜೆ ರೆಪ್ಲಿಕೇಶನ್ ಗ್ರೂಪ್ (ಸಿಂಕ್ ಆಗಬೇಕಾದ ಸರ್ವರ್‌ಗಳ ಗುಂಪು) ಮಾಡಿದೆ, ಎರಡೂ ಸರ್ವರ್ ಸೇರಿಸಿದೆ, ಸೋಮವಾರದ ಹೊತ್ತಿಗೆ ಆಗಿರುತ್ತೆ ಅಂದುಕೊಂಡು ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ಕೆಲಸ ಮುಗಿಯುವ ಸೂಚನೆಯೇ ಇಲ್ಲ. ಶಾಖೆಯವರ ಇಂಟರ್ನೆಟ್ ಮಾತ್ರ ಸತ್ತು ಬಿದ್ದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. 3 ಟಿಬಿ ಅಂದರೆ 24 ಲಕ್ಷ ಕೋಟಿ ಬಿಟ್. ಅದನ್ನು ಸೆಕೆಂಡಿಗೆ 2 ಕೋಟಿ ಬಿಟ್‌ನಂತೆ ಕಳಿಸಿದರೆ 12 ಲಕ್ಷ ಸೆಕೆಂಡ್, ಹತ್ತಿರ ಹತ್ತಿರ 14 ದಿನ. ಅದೂ ಬೇರೆ ಯಾರೂ ಲೈನ್ ಮುಟ್ಟದೆ ಇದ್ದರೆ. ಹಗಲು ಹೊತ್ತು ಅರ್ಧ ಲೈನು ಕೊಟ್ಟರೆ ಮೂರು ವಾರದ ಹತ್ತಿರ ಹೋಗುತ್ತೆ.

ಲೈನು ಒಂದೇ ಅಲ್ಲ, ಇನ್ನೊಂದು ತಪ್ಪೂ ಆಗಿತ್ತು. ಇವೆಂಟ್ ಲಾಗ್‌ನಲ್ಲಿ 4202 ಸಾಲುಗಟ್ಟಿ ನಿಂತಿತ್ತು. ಸ್ಟೇಜಿಂಗ್ ಜಾಗ (ಕಳಿಸುವ ಮೊದಲು ಫೈಲ್ ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ) ತುಂಬುತ್ತಿದೆ ಅನ್ನುವ ಎಚ್ಚರಿಕೆ ಅದು. ಸ್ಟೇಜಿಂಗ್ ಕೋಟಾ ತಾನಾಗಿಯೇ 4 ಜಿಬಿ ಇರುತ್ತೆ, ನಾನು ಅದನ್ನು ಮುಟ್ಟಿರಲಿಲ್ಲ. ನಮ್ಮ ಡ್ರಾಯಿಂಗ್ ಫೋಲ್ಡರ್‌ನಲ್ಲಿ ಒಂದೊಂದು ಫೈಲೇ 2 ಜಿಬಿ. ಡಿಎಫ್‌ಎಸ್‌ಆರ್ ಫೈಲನ್ನು ಸ್ಟೇಜಿಂಗ್‌ಗೆ ತಂದು, ಕಂಪ್ರೆಸ್ ಮಾಡಿ ಕಳಿಸುತ್ತೆ. ಜಾಗ ತುಂಬಿದರೆ ಹಳೆಯದನ್ನು ಅಳಿಸುತ್ತೆ, ಬೇಕಾದರೆ ಮತ್ತೆ ಮೊದಲಿಂದ ಕಟ್ಟುತ್ತೆ. ಒಂದೇ ಕೆಲಸ ನಾಲ್ಕು ಸಲ. ಫೋಲ್ಡರ್‌ನಲ್ಲಿರುವ ಅತಿ ದೊಡ್ಡ 32 ಫೈಲ್‌ಗಳ ಗಾತ್ರ ಕೂಡಿಸಿದರೆ ಎಷ್ಟಾಗುತ್ತೋ ಕನಿಷ್ಠ ಅಷ್ಟು ಸ್ಟೇಜಿಂಗ್ ಕೊಡಬೇಕು ಅಂತ ಮೈಕ್ರೋಸಾಫ್ಟ್ ಸಲಹೆ. ಪವರ್‌ಶೆಲ್‌ನಲ್ಲಿ ಗಾತ್ರದ ಪ್ರಕಾರ ಜೋಡಿಸಿ ಮೊದಲ 32 ಕೂಡಿಸಿದಾಗ ನನಗೆ 41 ಜಿಬಿ ಬಂತು. 64 ಕೊಟ್ಟೆ. ಡಿಸ್ಕ್ ಇದ್ದ ಮೇಲೆ ಜಿಪುಣತನ ಯಾಕೆ?

ಗ್ರೂಪ್ ತೆಗೆದುಹಾಕಿ, ಡೇಟಾವನ್ನು ಡಿಸ್ಕ್‌ನಲ್ಲೇ ಕಳಿಸುವುದು ಅಂತ ತೀರ್ಮಾನಿಸಿದೆ. ಮೊದಲೇ ಡೇಟಾ ಅಲ್ಲಿಗೆ ತಲುಪಿಸಿ, ಆಮೇಲೆ ಡಿಎಫ್‌ಎಸ್‌ಆರ್‌ಗೆ "ನೋಡಪ್ಪ, ಎಲ್ಲಾ ಇಲ್ಲೇ ಇದೆ" ಅಂತ ತೋರಿಸೋದು. ಇದಕ್ಕೆ ಪ್ರೀಸೀಡಿಂಗ್ ಅಂತಾರೆ. 4 ಟಿಬಿಯ ಯುಎಸ್‌ಬಿ ಡಿಸ್ಕ್ ತಂದೆ. ಅದು ಬಂದಿದ್ದು ಎಕ್ಸ್‌ಫ್ಯಾಟ್‌ನಲ್ಲಿ. ಹಾಗೇ ಬಳಸಿದ್ದರೆ ಪರ್ಮಿಶನ್ನುಗಳೆಲ್ಲ (ಯಾವ ಫೈಲನ್ನು ಯಾರು ತೆರೆಯಬಹುದು ಅನ್ನುವುದು) ದಾರಿಯಲ್ಲೇ ಉದುರಿ ಹೋಗುತ್ತಿದ್ದವು, ಆ ಫೈಲ್ ಸಿಸ್ಟಮ್‌ನಲ್ಲಿ ಅವಕ್ಕೆ ಜಾಗವೇ ಇಲ್ಲ. ಎನ್‌ಟಿಎಫ್‌ಎಸ್ ಮಾಡಿ, ಬಿಟ್‌ಲಾಕರ್ ಎನ್‌ಕ್ರಿಪ್ಶನ್ ಹಾಕಿದೆ. ಡಿಸ್ಕ್ ಕಳೆದುಹೋದರೆ ಡೇಟಾ ಬೇರೆಯವರ ಕೈಗೆ ಸಿಗಬಾರದಲ್ವಾ.

ಕಾಪಿಗೆ ವಿಂಡೋಸ್‌ನ ರೋಬೊಕಾಪಿ ಕಮಾಂಡ್. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇ (ಒಳಗಿನ ಫೋಲ್ಡರ್‌ಗಳೂ ಬರಲಿ), ಬಿ (ಬ್ಯಾಕಪ್ ಮೋಡ್), ಕಾಪಿಆಲ್ (ಪರ್ಮಿಶನ್ ಸಮೇತ) ಸ್ವಿಚ್‌ಗಳು, ಜೊತೆಗೆ ಡಿಎಫ್‌ಎಸ್‌ಆರ್ ತನಗಾಗಿ ಇಟ್ಟುಕೊಳ್ಳುವ ಡಿಎಫ್‌ಎಸ್‌ಆರ್‌ಪ್ರೈವೇಟ್ ಫೋಲ್ಡರ್ ಬಿಡಲು ಎಕ್ಸ್‌ಡಿ. ಇಲ್ಲೂ ಒಂದು ರಾತ್ರಿ ಕಳೆದುಕೊಂಡೆ. ರೀಟ್ರೈ ಸ್ವಿಚ್ ಹಾಕಲು ಮರೆತಿದ್ದೆ. ಹಾಕದಿದ್ದರೆ ರೋಬೊಕಾಪಿ ಒಂದು ಫೈಲಿಗೆ 10 ಲಕ್ಷ ಸಲ ಪ್ರಯತ್ನ ಮಾಡುತ್ತೆ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತೆ. ಯಾರೋ ತಮ್ಮ ಪಿಎಸ್‌ಟಿ (ಔಟ್‌ಲುಕ್ ಮೇಲ್) ಫೈಲ್ ತೆರೆದಿಟ್ಟೇ ಮನೆಗೆ ಹೋಗಿದ್ದರು. ಬೆಳಿಗ್ಗೆ ನೋಡಿದರೆ ಸ್ಕ್ರೀನಿನ ತುಂಬ "30 ಸೆಕೆಂಡ್ ಕಾಯುತ್ತಿದ್ದೇನೆ" ಅನ್ನುವ ಅದೇ ಸಾಲು. ಆಮೇಲೆ 6 ಸಲ, 5 ಸೆಕೆಂಡ್ ಅಂತ ಕೊಟ್ಟೆ. ಒಟ್ಟಿಗೆ ಎಷ್ಟು ಥ್ರೆಡ್ ಓಡಬೇಕು ಅಂತ ಹೇಳುವ ಎಂಟಿ ಸ್ವಿಚ್‌ಗೆ 64 ಕೊಟ್ಟಾಗ ಯುಎಸ್‌ಬಿ ಡಿಸ್ಕ್ ಬರೀ ಒದ್ದಾಡಿತು. 8ಕ್ಕೆ ಇಳಿಸಿದ ಮೇಲೆ ಒಂದೂವರೆ ದಿನದಲ್ಲಿ ಕಾಪಿ ಮುಗಿಯಿತು. ಕೆಲಸದ ಮೇಲೆ ಶಾಖೆಗೆ ಹೊರಟಿದ್ದ ಸಹೋದ್ಯೋಗಿಯ ಬ್ಯಾಗಿನಲ್ಲಿ ಡಿಸ್ಕ್ ಮರುದಿನವೇ ಅಲ್ಲಿ ಸೇರಿತು.

ಅಲ್ಲಿಂದ ಮುಂದೆ ನಾನು ಮಾಡಿದ್ದೇ ದೊಡ್ಡ ಎಡವಟ್ಟು. ಶಾಖೆಯ ಸರ್ವರ್‌ನಲ್ಲಿ ಮುಖ್ಯ ಫೋಲ್ಡರನ್ನು ಕೈಯಿಂದಲೇ ಮಾಡಿದೆ, ಹೊಸ ಫೋಲ್ಡರ್ ಅಂತ ರೈಟ್ ಕ್ಲಿಕ್ ಮಾಡಿ. ಡಿಸ್ಕ್‌ನಲ್ಲಿದ್ದ ಒಳಗಿನ ಫೋಲ್ಡರ್‌ಗಳನ್ನು ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಅದರೊಳಗೆ ಹಾಕಿಬಿಟ್ಟೆ. ರೋಬೊಕಾಪಿಯಿಂದ ಇಷ್ಟೆಲ್ಲ ಜೋಪಾನವಾಗಿ ತಂದ ಪರ್ಮಿಶನ್ನುಗಳು ಕೊನೆಯ ಹೆಜ್ಜೆಯಲ್ಲಿ ಹೋದವು, ಹೊಸ ಫೋಲ್ಡರಿನ ಪರ್ಮಿಶನ್ನೇ ಎಲ್ಲದಕ್ಕೂ ಇಳಿಯಿತು. ಆದರೂ ಚೆಕ್ ಮಾಡಿದ್ದೆ, ಸುಮ್ನೆ ಬಿಟ್ಟಿರಲಿಲ್ಲ. ಗೆಟ್-ಫೈಲ್‌ಹ್ಯಾಶ್‌ನಿಂದ ಇಪ್ಪತ್ತು ಫೈಲ್‌ಗಳ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಹೋಲಿಸಿದೆ, ಎರಡೂ ಕಡೆ ಒಂದೇ ಬಂತು. ಖುಷಿಯಿಂದ ಮತ್ತೆ ಗ್ರೂಪ್ ಮಾಡಿ, ಮುಖ್ಯ ಕಚೇರಿಯ ಸರ್ವರನ್ನೇ ಪ್ರೈಮರಿ ಅಂತ ಆರಿಸಿ, ಶಾಖೆಯನ್ನು ಸೇರಿಸಿದೆ. (ಪ್ರೈಮರಿ ಆರಿಸುವಾಗ ಎರಡು ಸಲ ನೋಡಿ. ಮೊದಲ ಸಿಂಕ್‌ನಲ್ಲಿ ಪ್ರೈಮರಿ ಹೇಳಿದ್ದೇ ಸರಿ. ತಿರುವುಮುರುವು ಆದರೆ ಹೊಸ ಫೈಲ್‌ಗಳ ಜಾಗಕ್ಕೆ ಹಳೆಯವು ಬಂದು ಕೂರುತ್ತವೆ.)

ಬ್ಯಾಕ್‌ಲಾಗ್ (ಇನ್ನೂ ಸಿಂಕ್ ಆಗಬೇಕಿರುವ ಫೈಲ್‌ಗಳ ಸಾಲು) ಇಳಿಯುವುದು ಆಮೆ ನಡಿಗೆಯಲ್ಲಿ. ವಿಚಿತ್ರ ಅಂದರೆ ಲೈನು ಹೆಚ್ಚು ಕಡಿಮೆ ಖಾಲಿ, ಡಿಸ್ಕ್‌ಗಳು ಮಾತ್ರ ಎರಡೂ ಕಡೆ ಏದುಸಿರು ಬಿಡುತ್ತಿದ್ದವು. ಅರ್ಧ ದಿನ ಲೈನಿನವರ ಮೇಲೆ ಗುಮಾನಿ ಪಟ್ಟೆ, ಪಾಪ. ಆಮೇಲೆ ಗೆಟ್-ಡಿಎಫ್‌ಎಸ್‌ಆರ್‌ಫೈಲ್‌ಹ್ಯಾಶ್ ಹಾಕಿ ಅದೇ ಇಪ್ಪತ್ತು ಫೈಲ್ ನೋಡಿದೆ. ಒಂದೂ ಹೊಂದಲಿಲ್ಲ! ಸಾಮಾನ್ಯ ಹ್ಯಾಶ್ ಫೈಲಿನ ಒಳಗಿನದನ್ನು ಮಾತ್ರ ನೋಡುತ್ತೆ. ಡಿಎಫ್‌ಎಸ್‌ಆರ್ ತನ್ನ ಹ್ಯಾಶ್‌ನಲ್ಲಿ ಪರ್ಮಿಶನ್ನನ್ನೂ ಸೇರಿಸುತ್ತೆ. ಹ್ಯಾಶ್ ಬೇರೆ ಅಂದರೆ ಅದರ ಲೆಕ್ಕದಲ್ಲಿ ಫೈಲೇ ಬೇರೆ. ಹಾಗಂತ ಪೂರ್ತಿ ಫೈಲ್ ಕಳಿಸುವುದಿಲ್ಲ. ಎರಡು ಕಡೆಯ ಫೈಲನ್ನೂ ತುಂಡು ತುಂಡಾಗಿ ಹೋಲಿಸಿ ವ್ಯತ್ಯಾಸ ಇದ್ದಷ್ಟೇ ಕಳಿಸುತ್ತೆ. ಅದಕ್ಕೇ ಲೈನು ಖಾಲಿ. ಆದರೆ ಹೋಲಿಸುವ ಕೆಲಸ ಪ್ರತಿಯೊಂದು ಫೈಲಿಗೂ ಆಗಲೇಬೇಕು, 11 ಲಕ್ಷ ಸಲ.

ಶಾಖೆಯನ್ನು ಗ್ರೂಪಿನಿಂದ ಹೊರಗಿಟ್ಟು ಪರ್ಮಿಶನ್ ಸರಿ ಮಾಡಲು ಕೂತೆ. ಅದೇ ರೋಬೊಕಾಪಿ, ಈ ಸಲ ಲೈನಿನ ಮೇಲೆಯೇ, ಮುಖ್ಯ ಫೋಲ್ಡರಿನಿಂದ ಮುಖ್ಯ ಫೋಲ್ಡರಿಗೆ, ಸೆಕ್‌ಫಿಕ್ಸ್ ಸ್ವಿಚ್ ಸೇರಿಸಿ. ಗಾತ್ರ, ಟೈಮ್ ಹೊಂದಿದ ಫೈಲನ್ನು ರೋಬೊಕಾಪಿ ದಾಟಿ ಹೋಗುತ್ತೆ, ಅದರ ಪರ್ಮಿಶನ್ ಮುಟ್ಟುವುದಿಲ್ಲ. ಸೆಕ್‌ಫಿಕ್ಸ್ ಇದ್ದರೆ ದಾಟಿ ಹೋದ ಫೈಲಿನ ಪರ್ಮಿಶನ್ನನ್ನೂ ಸರಿಪಡಿಸುತ್ತೆ. ಡಿಸ್ಕ್ ಹೊರಟ ಮೇಲೆ ಬದಲಾದ ಫೈಲ್‌ಗಳೂ ಇದರಲ್ಲೇ ಹೋದವು. ರಾತ್ರಿ ಹಚ್ಚಿದ್ದು ಬೆಳಗಿನ ಹೊತ್ತಿಗೆ ಮುಗಿದಿತ್ತು. ಆಗ ಡಿಎಫ್‌ಎಸ್‌ಆರ್ ಹ್ಯಾಶ್ ಇಪ್ಪತ್ತಕ್ಕೆ ಇಪ್ಪತ್ತೂ ಹೊಂದಿತು.

ಇಲ್ಲಿಗೆ ನಿಲ್ಲಿಸಿ ಶಾಖೆಯನ್ನು ಸೇರಿಸಬಹುದಿತ್ತು. ಆದರೆ ಎಲ್ಲ ಹೊಂದಿದ್ದರೂ ಡಿಎಫ್‌ಎಸ್‌ಆರ್ ಪ್ರತಿ ಫೈಲನ್ನೂ ಓದಿ, ಹ್ಯಾಶ್ ಮಾಡಿ, ತನ್ನ ಡೇಟಾಬೇಸ್‌ಗೆ ಬರೆದುಕೊಳ್ಳಬೇಕು. ಅದಕ್ಕೇ ದಿನಗಟ್ಟಲೆ ಹಿಡಿಯುತ್ತೆ. 2012 ಆರ್2ನಲ್ಲಿ ಇದಕ್ಕೊಂದು ಒಳ್ಳೆ ದಾರಿ ಬಂದಿದೆ, ಡೇಟಾಬೇಸ್ ಕ್ಲೋನಿಂಗ್ ಅಂತ. ಪ್ರೈಮರಿಯಲ್ಲಿ ಸಿದ್ಧವಾಗಿರುವ ಡೇಟಾಬೇಸನ್ನೇ ತೆಗೆದು ಇನ್ನೊಂದು ಸರ್ವರಿಗೆ ಕೊಡೋದು. ಪ್ರೈಮರಿಯಲ್ಲಿ ಫೋಲ್ಡರ್ ಸಿದ್ಧವಾಯಿತು ಅನ್ನುವ 4112 ಇವೆಂಟ್ ಬಂದಾಗಿತ್ತು. ಎಕ್ಸ್‌ಪೋರ್ಟ್-ಡಿಎಫ್‌ಎಸ್‌ಆರ್‌ಕ್ಲೋನ್ ಹಾಕಿದೆ, ವ್ಯಾಲಿಡೇಶನ್ (ಎಷ್ಟರ ಮಟ್ಟಿಗೆ ಪರಿಶೀಲಿಸಬೇಕು ಅನ್ನುವುದು) ಬೇಸಿಕ್. ಫುಲ್ ಕೊಟ್ಟರೆ ಪ್ರತಿ ಫೈಲನ್ನೂ ಪೂರ್ತಿ ಹ್ಯಾಶ್ ಮಾಡುತ್ತೆ, ಉಳಿಸಲು ಹೊರಟ ಸಮಯವೇ ಮತ್ತೆ ಖರ್ಚು. ನನ್ (None) ಕೊಟ್ಟರೆ ಏನನ್ನೂ ನೋಡಲ್ಲ, ಎರಡು ಸಲ ಸುಟ್ಟುಕೊಂಡ ಮೇಲೆ ಅಷ್ಟು ಧೈರ್ಯ ನನಗಿರಲಿಲ್ಲ.

ಬಂದ ಡೇಟಾಬೇಸ್ ಮತ್ತು ಕಾನ್ಫಿಗ್ ಫೈಲ್‌ಗಳನ್ನು ಶಾಖೆಗೆ ಕಳಿಸಿ ಇಂಪೋರ್ಟ್ ಹಾಕಿದರೆ ಎರರ್. ಆ ಡ್ರೈವ್‌ನಲ್ಲಿ ನನ್ನ ಹಿಂದಿನ ಪ್ರಯತ್ನಗಳ ಡೇಟಾಬೇಸ್ ಇನ್ನೂ ಕೂತಿತ್ತು. ಕ್ಲೋನ್ ಬರಬೇಕಾದರೆ ಆ ಡ್ರೈವ್‌ನಲ್ಲಿ ಬೇರೆ ಡಿಎಫ್‌ಎಸ್‌ಆರ್ ಡೇಟಾಬೇಸ್ ಇರಬಾರದು. ಸರ್ವಿಸ್ ನಿಲ್ಲಿಸಿ, ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಒಳಗಿನ ಡಿಎಫ್‌ಎಸ್‌ಆರ್ ಫೋಲ್ಡರ್ ಅಳಿಸಿ, ಮತ್ತೆ ಶುರು ಮಾಡಿದೆ. ಆ ಡ್ರೈವ್‌ನಲ್ಲಿ ಬೇರೆ ರೆಪ್ಲಿಕೇಟೆಡ್ ಫೋಲ್ಡರ್ ಯಾವುದೂ ಇರಲಿಲ್ಲ, ಅದಕ್ಕೇ ಅಳಿಸಿದೆ. ಇದ್ದರೆ ಖಂಡಿತ ಕೈ ಹಾಕಬೇಡಿ. ಇಂಪೋರ್ಟ್ ಮುಗಿದಿದೆ ಅಂತ ಗೆಟ್-ಡಿಎಫ್‌ಎಸ್‌ಆರ್‌ಕ್ಲೋನ್‌ಸ್ಟೇಟ್‌ನಲ್ಲಿ ನೋಡಿದ ಮೇಲಷ್ಟೇ ಶಾಖೆಯನ್ನು ಗ್ರೂಪಿಗೆ ಸೇರಿಸಿದೆ.

ಟೀ ಕುಡಿದು ಬಂದೆ, ಊಟ ಮಾಡಿ ಬಂದೆ. ಸಂಜೆ ಐದಕ್ಕೆ ಲಾಗ್‌ನಲ್ಲಿ 4104 ಬಂತು, ಮೊದಲ ಸಿಂಕ್ ಮುಗಿಯಿತು ಅಂತ. ಅಷ್ಟರಲ್ಲಿ ಲೈನಿನ ಮೇಲೆ ಹೋಗಿದ್ದು 9 ಜಿಬಿ.

ಒಂದು ವಾರ ಬಿಟ್ಟು ಶಾಖೆಯಿಂದ ಫೋನ್. "ಸಾರ್, ಎಲ್ಲಾ ಬರ್ತಿದೆ, ಆದ್ರೆ ಅಕೌಂಟ್ಸ್ ಫೋಲ್ಡರ್‌ನ ಬ್ಯಾಕಪ್ ಫೈಲ್ ಮಾತ್ರ ಹಳೇದೇ ಇದೆ." ನೋಡಿದರೆ ಬಿಎಕೆ ಎಕ್ಸ್‌ಟೆನ್ಶನ್. ಬಿಎಕೆ, ಟಿಎಂಪಿ, ಅಲೆಗೆರೆಯಿಂದ (~) ಶುರುವಾಗುವ ಹೆಸರು, ಈ ಮೂರನ್ನು ಡಿಎಫ್‌ಎಸ್‌ಆರ್ ಫಿಲ್ಟರ್ ತಾನಾಗಿಯೇ ತಡೆಯುತ್ತೆ. ರೋಬೊಕಾಪಿ ಮೊದಲ ದಿನ ಅದನ್ನೂ ಒಯ್ದಿತ್ತು, ಆಮೇಲೆ ಅದನ್ನು ಕೇಳುವವರೇ ಇಲ್ಲ. ಫಿಲ್ಟರ್‌ನಿಂದ ಬಿಎಕೆ ತೆಗೆದೆ. ರಾತ್ರಿ ಅದೂ ಹೋಗಿ ಸೇರಿತು.