ಅಂಗೈ ಅಗಲದ ಮಗ್ಗ

ನನ್ನ ಮೊದಲ ಮಗ್ಗ ಔಷಧಿ ಪೆಟ್ಟಿಗೆಯ ರಟ್ಟು. ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ ದಿನಗಳವು. ಶಸ್ತ್ರಚಿಕಿತ್ಸೆ ಮುಗಿದಿತ್ತು, ಕಾಯುವುದಷ್ಟೇ ಉಳಿದಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಮಾತ್ರ ಅಮ್ಮ ನರಳಿದಾಗಲೆಲ್ಲ ಎದ್ದು ನೋಡಬೇಕು, ಅವರ ಕಣ್ಣು ಹತ್ತಿದ ಮೇಲೆ ಸದ್ದಾಗದಂತೆ ಕೂತಿರಬೇಕು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತಿದ್ದೆ. ಕೈಚೀಲದಲ್ಲಿ ಕ್ರೋಶಾ ಹಾಕಲೆಂದು ಎಂದೋ ಇಟ್ಟಿದ್ದ ಹತ್ತಿ ನೂಲಿನ ಎರಡು ಉಂಡೆಗಳಿದ್ದವು, ಒಂದು ನೀಲಿ, ಒಂದು ಹಳದಿ. ಕ್ರೋಶಾ ಕಡ್ಡಿ ಮನೆಯಲ್ಲಿಯೇ ಉಳಿದಿತ್ತು. ಹಾಗಾಗಿ ನೇಯಲು ಕೂತೆ.

ರಟ್ಟಿನ ಮಗ್ಗ ಎಷ್ಟು ಸರಳವೆಂದರೆ, ಅದನ್ನು ಮಗ್ಗ ಎಂದು ಕರೆಯಲು ಮೊದಲ ದಿನ ನನಗೇ ಸಂಕೋಚವಾಗಿತ್ತು. ಪುಸ್ತಕದಲ್ಲಿಡುವ ಗುರುತುಪಟ್ಟಿಗೆ 20 ಸೆಂಟಿಮೀಟರ್ ಉದ್ದದ ರಟ್ಟು ಸಾಕು. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ 4 ಮಿಲಿಮೀಟರಿಗೊಂದರಂತೆ 11 ಸೀಳು ಹಾಕಬೇಕು. ಹನ್ನೊಂದು ಎಳೆಗಳ ನಡುವೆ ಹತ್ತು ಸಂದು, ಅಲ್ಲಿಗೆ ಪಟ್ಟಿಯ ಅಗಲ 4 ಸೆಂಟಿಮೀಟರ್. ನೂಲನ್ನು ರಟ್ಟಿನ ಮುಂದೆ ಮಾತ್ರ ಹಾಯಿಸದೆ ಹಿಂದಿನಿಂದಲೂ ಬಳಸಿ ಇಡಿಯಾಗಿ ಸುತ್ತುತ್ತೇನೆ. ಇದರಲ್ಲಿ ಒಂದು ಅನುಕೂಲವಿದೆ. ನೇಯ್ದು ಮುಗಿದ ಮೇಲೆ ರಟ್ಟಿನ ಬೆನ್ನಿನ ನಟ್ಟನಡುವೆ ಕತ್ತರಿ ಹಾಕಿದರೆ ಹಾಸಿನ, ಎಂದರೆ ಹೀಗೆ ಉದ್ದಕ್ಕೆ ಸುತ್ತಿದ, ಪ್ರತಿ ಎಳೆಗೂ ಎರಡೂ ತುದಿಯಲ್ಲಿ ಹತ್ತು ಸೆಂಟಿಮೀಟರಿಗಿಂತ ಉದ್ದದ ಬಾಲ ಉಳಿಯುತ್ತದೆ. ಗಂಟು ಹಾಕಲು, ಕುಚ್ಚು ಬಿಡಲು ಅದು ಬೇಕೇ ಬೇಕು. ಮುಂದೆ ಮಾತ್ರ ಹಾಯಿಸಿದ ನನ್ನ ಮೊದಲ ಪಟ್ಟಿಯಲ್ಲಿ ಬಾಲಗಳು ಉಗುರಿಗೂ ಸಿಗದಷ್ಟು ಮೊಂಡಾಗಿದ್ದವು, ಗಂಟು ಕೂರಲಿಲ್ಲ, ಮೂರು ಸಾಲು ಬಿಚ್ಚಿಕೊಂಡಿತು. ಹಾಸು ಮತ್ತು ಸೂಜಿಯಿಂದ ಅದಕ್ಕೆ ಅಡ್ಡವಾಗಿ ನೇಯುವ ಹೊಕ್ಕು ಎರಡೂ ಸೇರಿ ಒಂದು ಪಟ್ಟಿಗೆ ಸುಮಾರು 9 ಮೀಟರ್ ನೂಲು ಹಿಡಿಯುತ್ತದೆ.

ಹಾಸನ್ನು ತೀರಾ ಬಿಗಿಯಾಗಿ ಸುತ್ತಬಾರದು. ಬಿಗಿದರೆ ರಟ್ಟು ಬಿಲ್ಲಿನ ಹಾಗೆ ಬಾಗುತ್ತದೆ, ನಡುವಿನ ಎಳೆಗಳು ಸಡಿಲವಾಗುತ್ತವೆ. ಆಮೇಲೆ ನಾನು ಎರಡು ರಟ್ಟುಗಳನ್ನು ಒಳಗಿನ ಸುಕ್ಕುಗೆರೆಗಳು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿಕೊಂಡೆ. ಆ ಜೋಡಿರಟ್ಟಿನ ಮೇಲೆ ಮೂವತ್ತಕ್ಕೂ ಹೆಚ್ಚು ಪಟ್ಟಿ ನೇಯ್ದಿದ್ದೇನೆ, ಇನ್ನೂ ನೆಟ್ಟಗಿದೆ.

ಈಗ ಅಂಚಿನ ವಿಷಯ. ಚಿಕ್ಕ ಮಗ್ಗ ಹಿಡಿದವರೆಲ್ಲರೂ ಮೊದಲು ಎಡವುವುದು ಇಲ್ಲಿಯೇ. ನನ್ನ ಮೊದಲ ಪಟ್ಟಿ ಶುರುವಿನಲ್ಲಿ ನಾಲ್ಕು ಸೆಂಟಿಮೀಟರ್ ಅಗಲವಿತ್ತು, ನಡುವಿಗೆ ಬರುವಷ್ಟರಲ್ಲಿ ಎರಡೂವರೆಗೆ ಇಳಿದಿತ್ತು, ಕೊನೆಯಲ್ಲಿ ಮತ್ತೆ ಅಗಲವಾಯಿತು. ಅಚ್ಚುಕಟ್ಟಾದ ಡಮರು. ಅಂಚು ನೀಟಾಗಿ ಬರಲೆಂದು ಪ್ರತಿ ಸಾಲಿನಲ್ಲೂ ನೂಲನ್ನು ಸ್ವಲ್ಪ ಜಗ್ಗುತ್ತಿದ್ದೆ. ಆ ಸ್ವಲ್ಪ ಸ್ವಲ್ಪವೇ ಸೇರಿ ಎರಡು ಬದಿಯ ಹಾಸನ್ನು ಒಳಗೆ ಎಳೆದುಬಿಟ್ಟಿತ್ತು. ಲೆಕ್ಕ ಸುಲಭದ್ದು. ಹೊಕ್ಕಿನ ಎಳೆ ನೇರ ದಾರಿಯಲ್ಲಿ ಹೋಗುವುದಿಲ್ಲ, ಒಂದು ಎಳೆಯ ಮೇಲೆ ಹತ್ತಿ ಇನ್ನೊಂದರ ಕೆಳಗೆ ಇಳಿಯುತ್ತ ಹೋಗುತ್ತದೆ. ಅಗಲ ನಾಲ್ಕು ಸೆಂಟಿಮೀಟರ್ ಇದ್ದರೂ ಅದರ ನಡಿಗೆ ಅದಕ್ಕಿಂತ ಉದ್ದ. ಆ ಹೆಚ್ಚುವರಿ ಉದ್ದವನ್ನು ನಾವು ಕೊಡದಿದ್ದರೆ ಅದು ಅಂಚಿನಿಂದ ಕಿತ್ತುಕೊಳ್ಳುತ್ತದೆ.

ಹಾಗಾಗಿ ಸೂಜಿ ಆಚೆ ಬದಿಗೆ ದಾಟಿದ ಮೇಲೆ ನೂಲನ್ನು ನೇರವಾಗಿ ಎಳೆಯುವುದಿಲ್ಲ. ನಡುವೆ ಸಣ್ಣ ಗುಡ್ಡದ ಹಾಗೆ ಬಾಗಿಸಿ ಬಿಡುತ್ತೇನೆ. ತಿರುಗುವ ಮೂಲೆಯಲ್ಲಿ ಎಡಗೈ ಹೆಬ್ಬೆರಳಿನಿಂದ ಅಂಚಿನ ಎಳೆಯನ್ನು ಮೆಲ್ಲಗೆ ಹಿಡಿದಿರುತ್ತೇನೆ. ಆಮೇಲೆ ತಲೆ ಬಾಚುವ ಹಣಿಗೆಯಿಂದ ಗುಡ್ಡದ ನೆತ್ತಿಯನ್ನು ಮೊದಲು, ಎರಡು ಇಳಿಜಾರನ್ನು ಆಮೇಲೆ ಕೆಳಗೆ ಒತ್ತುತ್ತೇನೆ. ಗುಡ್ಡ ಕರಗಿ ಸಾಲಿನಲ್ಲಿ ಸೇರಿಕೊಳ್ಳುತ್ತದೆ. ನಾಲ್ಕು ಸಾಲಿಗೊಮ್ಮೆ ರಟ್ಟಿನ ಮೇಲೆ ಪೆನ್ಸಿಲಿನಿಂದ ಎಳೆದ ಎರಡು ಗೆರೆಗಳ ನೇರಕ್ಕೆ ಅಂಚಿದೆಯೇ ಎಂದು ನೋಡುತ್ತೇನೆ. ಈ ಅಭ್ಯಾಸ ಕೈಗೆ ಹತ್ತಲು ನನಗೆ ಐದು ಪಟ್ಟಿ ಬೇಕಾದವು. ಐದನ್ನೂ ಇಟ್ಟುಕೊಂಡಿದ್ದೇನೆ.

ಆರನೆಯದನ್ನು ರಾತ್ರಿ ಪಾಳಿಯ ಸಿಸ್ಟರ್‌ಗೆ ಕೊಟ್ಟೆ. ಮೊದಲೇ ಯೋಚಿಸಿದ್ದಲ್ಲ. ಆಕೆ ಅಮ್ಮನ ಮಗ್ಗುಲು ಬದಲಿಸುವಾಗ ಪ್ರತಿ ಸಲ, "ಅಜ್ಜಿ, ಈಗ ತಿರುಗಿಸುತ್ತೇನೆ, ನನ್ನ ಕೈ ಹಿಡಿದುಕೊಳ್ಳಿ" ಎಂದು ಹೇಳಿಯೇ ಮುಟ್ಟುತ್ತಿದ್ದರು. ಅಮ್ಮ ನಿದ್ದೆಗಣ್ಣಿನಲ್ಲಿದ್ದರೂ ಹೇಳುತ್ತಿದ್ದರು. ನನ್ನ ಮನಸ್ಸಿಗೆ ಅದು ನಾಟಿತ್ತು. ಒಂದು ಬೆಳಗಿನ ಜಾವ ಪಾಳಿ ಮುಗಿಸಿ ಹೊರಟವರ ಕೈಗೆ ಪಟ್ಟಿ ಇಟ್ಟು, "ಇದು ನಿಮಗೆ, ನಾನೇ ನೇಯ್ದದ್ದು" ಎಂದೆ. ಆಕೆ ಅದನ್ನು ತಿರುಗಿಸಿ ಹಿಂಬದಿ ನೋಡಿದರು. "ನೀವು ರಾತ್ರಿಯೆಲ್ಲ ಮಾಡುತ್ತಿದ್ದುದು ಇದೇನಾ? ಏನೋ ಹೊಲಿಯುತ್ತಿದ್ದೀರಿ ಎಂದುಕೊಂಡಿದ್ದೆ" ಎಂದರು. ಪಟ್ಟಿಯನ್ನು ಎದೆಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡು ಹೋದರು. ಮರುರಾತ್ರಿ ಬಂದಾಗಲೂ ಹಳದಿ ಕುಚ್ಚು ಅಲ್ಲಿಯೇ ಇಣುಕುತ್ತಿತ್ತು.

ಅಮ್ಮ ಮನೆಗೆ ಬಂದ ಮೇಲೂ ನೇಯುವುದನ್ನು ಬಿಡಲಿಲ್ಲ. ಹುರುಪಿನಲ್ಲಿ ಗಾತ್ರ ಹಿಗ್ಗಿಸಿದೆ. ಪಕ್ಕದ ಮನೆಯವರು ಅಮ್ಮನನ್ನು ನೋಡಿಕೊಂಡಿದ್ದಕ್ಕೆ ಮೂರು ವಾರ ಕೂತು ಒಂದು ದೊಡ್ಡ ಗೋಡೆಪಟ ನೇಯ್ದುಕೊಟ್ಟೆ. ಅವರು ಅದನ್ನು ಬಿಚ್ಚಿ ನೋಡಿದ ಗಳಿಗೆಯಲ್ಲಿಯೇ ಅವರ ಮುಖದಲ್ಲಿ ಸಂತೋಷದ ಜೊತೆಗೆ ಚಿಂತೆಯೂ ಕಂಡಿತು. ಎಂಟು ದಿನ ಕಳೆಯುವಷ್ಟರಲ್ಲಿ ಅದಕ್ಕಿಂತ ದೊಡ್ಡ ಉಡುಗೊರೆಯೊಂದು ನಮ್ಮ ಮನೆಗೆ ಬಂತು. ಮುಯ್ಯಿಗೆ ಮುಯ್ಯಿ. ಅವರ ಉಪಕಾರಕ್ಕೆ ನನ್ನ ಕೃತಜ್ಞತೆ ತಿಳಿಸಲು ಹೋಗಿ ಅವರ ಹೆಗಲಿಗೆ ಋಣ ಹೊರಿಸಿದ್ದೆ. ಸಿಸ್ಟರ್ ಜೇಬಿನ ಪಟ್ಟಿಗೆ ಆ ಭಾರವಿರಲಿಲ್ಲ. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಚಿಕ್ಕದನ್ನು ಯಾರೂ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ, ಸುಮ್ಮನೆ ಇಟ್ಟುಕೊಳ್ಳುತ್ತಾರೆ. ಅಂದಿನಿಂದ ಹತ್ತು ಸೆಂಟಿಮೀಟರ್ ಮೀರಿದ ಚೌಕವನ್ನು ಉಡುಗೊರೆಗೆಂದು ನೇಯ್ದಿಲ್ಲ. ಪಟ್ಟಿಯಾದರೆ ಹದಿನೈದು ಸೆಂಟಿಮೀಟರ್, ಕುಚ್ಚು ಬೇರೆ.

ಇಷ್ಟು ಹೊತ್ತಿಗೆ ಗೆಳತಿಯೊಬ್ಬಳು ತಾನು ಬಳಸದ ಮೊಳೆಮಗ್ಗವನ್ನು ನನಗೆ ದಾಟಿಸಿದಳು. ಬದಿಗೆ ಹತ್ತು ಸೆಂಟಿಮೀಟರಿನ ಚೌಕಟ್ಟು, ಸುತ್ತಲೂ ಮೂರು ಮೂರರ ಗುಂಪಾಗಿ ನಿಂತ ಸಣ್ಣ ಮೊಳೆಗಳು. ಇಂಥವು 1930ರ ದಶಕದಲ್ಲಿಯೇ ಅಮೆರಿಕದಲ್ಲಿ ‘ವೀವ್-ಇಟ್’ ಮುಂತಾದ ಹೆಸರುಗಳಲ್ಲಿ ಮನೆಬಳಕೆಗೆ ಮಾರಾಟವಾಗುತ್ತಿದ್ದವು. ಅದರ ಜಾಣತನ ಅರ್ಥವಾದ ದಿನ ನಾನು ಸಂತೋಷದಿಂದ ಅಮ್ಮನನ್ನು ಎಬ್ಬಿಸಿ ತೋರಿಸಿದ್ದೆ. ನೂಲನ್ನು ಎಲ್ಲಿಯೂ ಕತ್ತರಿಸದೆ ನಾಲ್ಕು ಪದರ ಹಾಕಬೇಕು. ಮೊದಲ ಪದರ ಮೇಲಿಂದ ಕೆಳಗೆ. ಎರಡನೆಯದು ಅದರ ಮೇಲೆ ಅಡ್ಡಕ್ಕೆ. ಮೂರನೆಯದು ಮತ್ತೆ ಉದ್ದಕ್ಕೆ, ಮೊದಲ ಪದರದ ಸಂದುಗಳಲ್ಲಿ. ಈಗ ಗಮನಿಸಿ. ಎರಡನೆಯ ಪದರದ ಅಡ್ಡ ಎಳೆಗಳು ಮೊದಲ ಪದರದ ಮೇಲಿವೆ, ಮೂರನೆಯ ಪದರದ ಕೆಳಗಿವೆ. ಎಂದರೆ ಸೂಜಿ ಮುಟ್ಟದೆಯೇ ಅರ್ಧ ಹೊಕ್ಕು ನೇಯ್ದು ಮುಗಿದಿದೆ! ಸೂಜಿಗೆ ಉಳಿದಿರುವುದು ನಾಲ್ಕನೆಯ ಪದರ ಮಾತ್ರ. ಅದು ಇದಕ್ಕೆ ವಿರುದ್ಧವಾಗಿ ಮೂರನೆಯ ಪದರದ ಎಳೆಗಳ ಮೇಲೆ, ಮೊದಲನೆಯದರ ಕೆಳಗೆ ಸಾಗಬೇಕು.

ನಾಲ್ಕನೆಯ ಪದರಕ್ಕೆ ಎಷ್ಟು ನೂಲು ಬಿಟ್ಟುಕೊಂಡು ಕತ್ತರಿಸಬೇಕು ಎಂಬುದಕ್ಕೆ ಅಳತೆಪಟ್ಟಿ ಬೇಡ. ಮೂರು ಪದರ ಮುಗಿದ ಮೇಲೆ ನೂಲನ್ನು ಮೊಳೆಗಳ ಹೊರಸುತ್ತಿಗೆ ಐದು ಸಲ ಸುತ್ತಿ, ಇನ್ನೊಂದು ಗೇಣು ಸೇರಿಸಿ ಕತ್ತರಿಸುತ್ತೇನೆ. ನೇಯಬೇಕಾದ ಸಾಲು ಸುಮಾರು ಹದಿನಾರು, ಒಂದೊಂದೂ ಹತ್ತು ಸೆಂಟಿಮೀಟರ್. ಒಂದು ಸುತ್ತು ನಲವತ್ತು ಸೆಂಟಿಮೀಟರ್ ಆದ್ದರಿಂದ ನಾಲ್ಕು ಸುತ್ತು ಅದಕ್ಕೇ ಸರಿಹೋಗುತ್ತದೆ. ಐದನೆಯ ಸುತ್ತು ಏರಿಳಿತದ ಬಾಬ್ತು, ಮೊದಲೇ ಹೇಳಿದ ಗುಡ್ಡದ ಲೆಕ್ಕ. ಕೊನೆಯ ಎರಡು ಸಾಲು ಬಿಗಿದುಕೊಂಡು ಸೂಜಿ ನುಗ್ಗಲು ಹಟ ಮಾಡುತ್ತದೆ. ಆಗ ಅವಸರ ಮಾಡದೆ ಎರಡೆರಡೇ ಎಳೆ ಎತ್ತಿ ದಾಟಿಸುತ್ತೇನೆ. ಒಂದು ಚೌಕಕ್ಕೆ ನನಗೆ ಮುಕ್ಕಾಲು ಗಂಟೆ. ಮೊಳೆಯಿಂದ ಬಿಡಿಸಿದಾಗ ನಾಲ್ಕು ಬದಿಯೂ ತಾನಾಗಿಯೇ ಮುಚ್ಚಿದ ಅಂಚು, ಕತ್ತರಿಸಿದ ತುದಿ ಎರಡೇ. ನನ್ನ ಚೌಕಗಳು ಕೆಳಗಿಳಿದ ಮೇಲೆ ಅರ್ಧ ಸೆಂಟಿಮೀಟರ್ ಕುಗ್ಗುತ್ತವೆ.

ನೂಲಿನ ಆಯ್ಕೆಯಲ್ಲಿ ನಾನು ಒಂದು ಪೆಟ್ಟು ತಿಂದೆ. ಕಚೇರಿಯ ಹಿರಿಯ ಸಹೋದ್ಯೋಗಿಗೆ ಕಡುಗೆಂಪು ನೂಲಿನಲ್ಲಿ ಲೋಟದ ಅಡಿಗಿಡುವ ಚೌಕ ನೇಯ್ದುಕೊಟ್ಟಿದ್ದೆ. ತಣ್ಣೀರಿನ ಲೋಟದ ಹನಿ ಇಳಿದು ಚೌಕ ನೆನೆದು, ಅದರ ಬಣ್ಣ ಅವರ ಬಿಳಿ ಮೇಜುವಸ್ತ್ರಕ್ಕೆ ಹತ್ತಿತು. ಅವರು ಹೇಳಲೇ ಇಲ್ಲ, ಇನ್ನೊಂದು ದಿನ ಹೋದಾಗ ನಾನೇ ಕಲೆ ನೋಡಿದೆ. ಈಗ ಯಾವ ಹೊಸ ಉಂಡೆ ಬಂದರೂ ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಒತ್ತಿ ನೋಡದೆ ಮಗ್ಗಕ್ಕೆ ಏರಿಸುವುದಿಲ್ಲ. ಲೋಟದ ಅಡಿಗೆ ಹತ್ತಿಯೇ ಸೈ, ನೀರು ಹೀರುತ್ತದೆ. ಅಕ್ರಿಲಿಕ್ ನೋಡಲು ಚೆಂದ, ಆದರೆ ನೀರು ಹೀರದು, ಕಾಯ್ದ ಪಾತ್ರೆ ಇಟ್ಟರೆ ಕರಗಬಹುದು, ಇಸ್ತ್ರಿಯನ್ನೂ ತಾಳದು. ಗುರುತುಪಟ್ಟಿಗೆ ತೆಳು ಹತ್ತಿ ನೂಲೇ ಆಗಬೇಕು, ಪಟ್ಟಿ ದಪ್ಪವಾದರೆ ಪುಸ್ತಕದ ಬೆನ್ನು ಬಿರಿಯುತ್ತದೆ.

ಮುಗಿಸುವ ಕೆಲಸಕ್ಕೆ ನಾನು ನೇಯ್ಗೆಯಷ್ಟೇ ಹೊತ್ತು ಕೊಡುತ್ತೇನೆ. ಹನ್ನೊಂದು ಬಾಲಗಳಲ್ಲಿ ನಾಲ್ಕು ಜೋಡಿ ಮಾಡಿ, ನಡುವೆ ಮೂರರ ಒಂದು ಗುಂಪು. ಗಂಟನ್ನು ಸೂಜಿಯ ಮೊನೆಯಿಂದ ತಳ್ಳಿ ಕೊನೆಯ ಸಾಲಿಗೆ ಒತ್ತಿ ಕೂರಿಸಬೇಕು. ಹೊಕ್ಕಿನ ತುದಿಗೆ ಮಾತ್ರ ಗಂಟು ಹಾಕಬಾರದು, ಅದು ಬೆರಳಿಗೆ ತಗಲುತ್ತದೆ. ಹಾಸಿನ ಎಳೆಯ ಜೊತೆಯಲ್ಲಿಯೇ ಸೂಜಿಯನ್ನು ಎರಡು ಸೆಂಟಿಮೀಟರ್ ಹಿಂದಕ್ಕೆ ಹಾಯಿಸಿ ಅಲ್ಲಿಯೇ ಅಡಗಿಸಬೇಕು. ಸಿಸ್ಟರ್ ಪಟ್ಟಿಯ ಹಿಂಬದಿ ನೋಡಿದರಲ್ಲ, ಕೈಕೆಲಸ ಬಲ್ಲವರೆಲ್ಲ ಮೊದಲು ನೋಡುವುದು ಅದನ್ನೇ. ಹಿಂಬದಿಯಲ್ಲಿ ಬಾಲ ಕಾಣಿಸಿದರೆ ನಾನು ಕೊಡುವುದಿಲ್ಲ.

ಚೌಕಗಳಿಂದ ನನಗೆ ಅತಿ ಪ್ರಿಯವಾದದ್ದು ಪುಟ್ಟ ಚೀಲ. ಚೌಕದ ಮೂರು ಮೂಲೆಗಳನ್ನು ನಡುವಿಗೆ ಮಡಚಿ, ಸೇರಿದ ಅಂಚುಗಳನ್ನು ಅದೇ ನೂಲಿನಿಂದ ಹೊಲಿದರೆ ಲಕೋಟೆಯ ಆಕಾರ ಬರುತ್ತದೆ. ನಾಲ್ಕನೆಯ ಮೂಲೆ ಮುಚ್ಚಳ, ಅದಕ್ಕೊಂದು ಗುಂಡಿ. ಹತ್ತು ಸೆಂಟಿಮೀಟರಿನ ಚೌಕ ಏಳು ಸೆಂಟಿಮೀಟರಿನ ಚೀಲವಾಗುತ್ತದೆ. ಕಿವಿಯೋಲೆ, ಒಂದೆರಡು ಮಾತ್ರೆ, ಮಡಚಿದ ಒಂದು ಚೀಟಿ ಹಿಡಿಯುವಷ್ಟು. ಹಳೆಯ ಅಂಗಿಗಳ ಗುಂಡಿಗಳನ್ನೆಲ್ಲ ಅಮ್ಮ ಬಿಚ್ಚಿಟ್ಟಿದ್ದು ಈಗ ಉಪಯೋಗಕ್ಕೆ ಬಂದಿದೆ. ಯಾವ ಚೌಕಕ್ಕೆ ಯಾವ ಗುಂಡಿ ಎಂಬುದು ಅವರದೇ ತೀರ್ಮಾನ.

ಕೊಡುವ ರೀತಿಯೂ ಕಾಲಕಾಲಕ್ಕೆ ತಿದ್ದಿಕೊಂಡೆ. ಮೊದಮೊದಲು ಉದ್ದದ ಪತ್ರ ಬರೆದು ಜೊತೆಗಿಡುತ್ತಿದ್ದೆ. ಪತ್ರಕ್ಕೆ ಉತ್ತರ ಬರೆಯಬೇಕಾಗುತ್ತದೆ, ಆದ್ದರಿಂದ ಬಿಟ್ಟೆ. ಈಗ ಒಂದೇ ಸಾಲಿನ ಚೀಟಿ, ಅವರು ಮಾಡಿದ ಯಾವುದಾದರೂ ಒಂದು ಕೆಲಸದ ಹೆಸರು. "ಮಳೆಯಲ್ಲಿ ಕೊಡೆ ಹಿಡಿದಿರಿ." "ಅಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟಿರಿ." ಹೊರಡುವ ಹೊತ್ತಿನಲ್ಲಿ ಕೊಡುತ್ತೇನೆ, ಬಿಚ್ಚಿ ನೋಡಿ ಹೊಗಳಬೇಕಾದ ಇಕ್ಕಟ್ಟು ಅವರಿಗೆ ಬೇಡ. ಕೊಟ್ಟದ್ದು ಎಲ್ಲಿದೆ, ಬಳಸುತ್ತಿದ್ದಾರೆಯೇ ಎಂದು ಮತ್ತೆ ಕೇಳುವುದಿಲ್ಲ. ಗ್ರಂಥಾಲಯದ ಪುಸ್ತಕ ಹಿಂದಿರುಗಿಸುವಾಗ ಕೆಲವೊಮ್ಮೆ, "ಓದುವವರು ಇಟ್ಟುಕೊಳ್ಳಿ" ಎಂಬ ಚೀಟಿಯೊಡನೆ ಒಂದು ಪಟ್ಟಿಯನ್ನು ಒಳಗೇ ಬಿಟ್ಟು ಬರುತ್ತೇನೆ. ಅವು ಯಾರ ಕೈ ಸೇರಿದವೋ ನನಗೆ ಗೊತ್ತಿಲ್ಲ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ ಬಂದು, ತನಗೂ ಹೇಳಿಕೊಡಿ ಎಂದು ಕೂತಳು. ಎಂಟು ವರ್ಷದವಳು. ಹೊಸ ರಟ್ಟು ಕತ್ತರಿಸಿ, ಬೆರಳು ಚಿಕ್ಕದಾದ್ದರಿಂದ ಏಳೇ ಸೀಳು ಹಾಕಿ, ದಪ್ಪ ಉಣ್ಣೆ ನೂಲು ಸುತ್ತಿಕೊಟ್ಟೆ. ಗುಡ್ಡದ ವಿಷಯ ಹೇಳಿದ್ದೇನೆ, ಆದರೂ ಜಗ್ಗುತ್ತಾಳೆ. ಪಟ್ಟಿ ಈಗಾಗಲೇ ಡಮರುವಿನ ದಾರಿ ಹಿಡಿದಿದೆ. ದಿನಕ್ಕೆ ಮೂರು ನಾಲ್ಕು ಸಾಲು ನೇಯ್ದು, ರಟ್ಟನ್ನು ನಮ್ಮ ಮನೆಯಲ್ಲಿಯೇ ಇಟ್ಟು ಹೋಗುತ್ತಾಳೆ. "ಇಲ್ಲೇ ಇರಲಿ ಅತ್ತೆ, ನಮ್ಮ ಮನೆಯಲ್ಲಿ ಅವರು ನೋಡಿಬಿಡುತ್ತಾರೆ" ಎನ್ನುತ್ತಾಳೆ. ಯಾರು ಎಂದು ಕೇಳಿದೆ. ಮುಗಿದ ಮೇಲೆ ಹೇಳುತ್ತಾಳಂತೆ.