‘ಸುಮ್ನೆ ತಮಾಷೆಗೆ ಅಂದಿದ್ದು’: ಬುಲ್ಲಿಯಿಂಗ್ ಬಗ್ಗೆ ಪೋರ್ಟ್ರೇಟ್ ತೆಗೆಯುವುದು ಹೇಗೆ

ಬುಲ್ಲಿಯಿಂಗ್ ಅಂದ್ರೆ ಒಬ್ಬರನ್ನೇ ಮತ್ತೆ ಮತ್ತೆ ಹಂಗಿಸಿ ಕಾಡಿಸುವುದು. ಅದರ ಬಗ್ಗೆ ಫೋಟೋ ತೆಗೆಯಲು ಹೋಗಿ ಮೊದಲು ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ಮೂಲೆಯಲ್ಲಿ ಮೊಣಕಾಲಿಗೆ ತಲೆ ಆನಿಸಿ ಕೂತ ಹುಡುಗ, ಕಪ್ಪು ಬಿಳುಪು ಚಿತ್ರ, ಕೆನ್ನೆ ಮೇಲೆ ಮಾರ್ಕರ್‌ನಲ್ಲಿ ಬರೆದ ಬೈಗುಳ. ಇಂಥ ಹತ್ತು ಫೋಟೋ ತೆಗೆದು ಒಂದು ಶಾಲೆಯಲ್ಲಿ ತೂಗುಹಾಕಿದ್ದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ಸುತ್ತು ನೋಡಿ ಬಂದು, ‘ಅಂಕಲ್, ಇದು ಆಕ್ಟಿಂಗ್ ಅಲ್ವಾ?’ ಅಂದಳು. ಹೌದು. ಕೂತಿದ್ದವನು ನನ್ನ ಚಿಕ್ಕಪ್ಪನ ಮಗ. ಫೋಟೋ ಮುಗಿದ ಕೂಡಲೇ ಮುಖ ತೊಳೆದುಕೊಂಡು ಕ್ರಿಕೆಟ್ ಆಡಲು ಓಡಿದ್ದ.

ಆಮೇಲೆ ದಾರಿ ಬದಲಿಸಿದೆ. ಈಗ ಮಕ್ಕಳನ್ನು ಬಿಟ್ಟು, ಓದುವ ದಿನಗಳಲ್ಲಿ ಇದನ್ನು ಅನುಭವಿಸಿದ ದೊಡ್ಡವರ ಫೋಟೋ ತೆಗೆಯುತ್ತೇನೆ. ಬುಲ್ಲಿಯಿಂಗ್ ಬಗ್ಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಎರಡೇ ಮಾತು: ‘ಸುಮ್ನೆ ತಮಾಷೆಗೆ ಅಂದಿದ್ದು’, ಇನ್ನೊಂದು ‘ದೊಡ್ಡವರಾದ ಮೇಲೆ ಮರೆತುಹೋಗುತ್ತೆ’. ನಲವತ್ತೈದು ದಾಟಿದ ಬ್ಯಾಂಕಿನವರೊಬ್ಬರು ಕ್ಯಾಮೆರಾ ಮುಂದೆ ‘ಸೋಡಾಬುಡ್ಡಿ’ ಅನ್ನುವ ಪದ ಹೇಳುತ್ತಾ, ತಮಗೇ ಗೊತ್ತಿಲ್ಲದೆ ಕನ್ನಡಕ ಸರಿಮಾಡಿಕೊಂಡರು. ಆ ಒಂದು ಫ್ರೇಮ್ ಸಾಕು, ಎರಡನೇ ಮಾತು ಸುಳ್ಳು ಅಂತ ಗೊತ್ತಾಗುತ್ತೆ.

ದೊಡ್ಡವರಾದರೆ ಕಾನೂನಿನ ತೊಡಕೂ ಕಮ್ಮಿ. 18 ದಾಟಿದವರು ತಮ್ಮ ಒಪ್ಪಿಗೆ ತಾವೇ ಕೊಡಬಹುದು. ಮಕ್ಕಳಾದರೆ ಅಪ್ಪ ಅಮ್ಮನ ಸಹಿ ಬೇಕು, ಮಗುವೂ ಮನಸಾರೆ ಹೂಂ ಅನ್ನಬೇಕು. ವಿಷಯ ಪೊಲೀಸು, ಕೋರ್ಟು ಅಂತ ಹೋಗಿದ್ದರಂತೂ ಆ ಕಡೆ ತಲೆಹಾಕಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಂಥ ಮಗುವಿನ ಹೆಸರು, ಶಾಲೆ, ಫೋಟೋ ಬಯಲು ಮಾಡುವುದನ್ನು ತಡೆಯುತ್ತದೆ.

ಜನ ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡಿ, ಬೆಂಗಳೂರಿನಲ್ಲಿ ಪಕ್ಕದ ಸೀಟಿನಲ್ಲೇ ಇರುತ್ತಾರೆ. ಹುಬ್ಬಳ್ಳಿ ಕಡೆಯಿಂದ ಬಂದು ಕಾಲೇಜು ಸೇರಿ, ಮಾತಿನ ಧಾಟಿಗೆ ಇಡೀ ಕ್ಲಾಸು ನಕ್ಕಿದ್ದನ್ನು ಮರೆಯದವರು, ಕನ್ನಡ ಮೀಡಿಯಂ ಅಂತ ಕಿಚಾಯಿಸಿಕೊಂಡವರು, ಡುಮ್ಮಿ ಅನ್ನಿಸಿಕೊಂಡವರು, ಕರಿಯ ಅನ್ನಿಸಿಕೊಂಡವರು. ಮೊದಲ ಭೇಟಿಗೆ ಕ್ಯಾಮೆರಾ ಒಯ್ಯಬೇಡಿ. ದರ್ಶಿನಿಯಲ್ಲೂ ಬೇಡ, ನಿಂತುಕೊಂಡು ಕಾಫಿ ಕುಡಿಯುವ ಗದ್ದಲದಲ್ಲಿ ಯಾರೂ ಇಂಥದ್ದನ್ನು ಹೇಳುವುದಿಲ್ಲ. ಅವರ ಮನೆ ಅಥವಾ ಲಾಲ್‌ಬಾಗ್‌ನ ಕಲ್ಲುಬೆಂಚು ವಾಸಿ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಡಿ: ಫೋಟೋ ಎಲ್ಲಿ ಹಾಕುತ್ತೀರಿ, ಎಷ್ಟು ದಿನ, ಪ್ರಿಂಟ್ ಆಗುವವರೆಗೂ ಬೇಡ ಅನ್ನಬಹುದು ಅಂತ. ಇನ್‌ಸ್ಟಾಗ್ರಾಂಗೆ ಬೇರೆಯೇ ಸಹಿ ತೆಗೆದುಕೊಳ್ಳಿ. ಗೋಡೆಗೆ ಒಪ್ಪಿದವರೆಲ್ಲ ಫೋನಿಗೆ ಒಪ್ಪುವುದಿಲ್ಲ.

ಬೆಳಕಿಗೆ ಕಿಟಕಿ ಸಾಕು. ಜುಲೈ, ಆಗಸ್ಟ್‌ನ ಮೋಡದ ಬೆಳಗ್ಗೆ ಅಂದ್ರೆ ನಮ್ಮೂರಿನಲ್ಲಿ ಬಿಟ್ಟಿ ಸ್ಟುಡಿಯೋ ಸಿಕ್ಕಂತೆ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮುಖದ ಅರ್ಧಕ್ಕೆ ಒಂದು ಬಣ್ಣ, ಉಳಿದರ್ಧಕ್ಕೆ ಇನ್ನೊಂದು. ನೆರಳಿನ ಕಡೆ ಒಂದು ಬಿಳಿ ಥರ್ಮಾಕೋಲ್ ಶೀಟ್ ನಿಲ್ಲಿಸಿ, ಕಿಟಕಿ ಬೆಳಕು ಅದಕ್ಕೆ ಬಡಿದು ಮುಖಕ್ಕೆ ಮರಳುತ್ತೆ.

ಈಗ ಮುಖ್ಯ ವಿಷಯ, ಇಲ್ಲಿ ತಪ್ಪಿದರೆ ನಿಮ್ಮ ಫೋಟೋನೇ ಅವರನ್ನು ಇನ್ನೊಮ್ಮೆ ಹಂಗಿಸುತ್ತೆ. ಫೋನಿನ ಮಾಮೂಲಿ 1x ಲೆನ್ಸು ಅಗಲದ್ದು. ಅದನ್ನು ಹಿಡಿದು ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತೆ. ಮೂಗಿಗೇ ಗೇಲಿಗೆ ಗುರಿಯಾದವರ ಮುಂದೆ ಅಂಥ ಚಿತ್ರ ಹಿಡಿದರೆ ಹೇಗಿರುತ್ತೆ ಯೋಚಿಸಿ. ಐದಾರು ಅಡಿ ಹಿಂದೆ ಸರಿದು 2x ಅಥವಾ 3x ಬಳಸಿ, ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ 85 ಎಂಎಂ ಲೆನ್ಸು, ಕ್ರಾಪ್ ಸೆನ್ಸರ್ (ಅದಕ್ಕಿಂತ ಸಣ್ಣ ಸೆನ್ಸರ್) ಇರುವ ಕ್ಯಾಮೆರಾಗೆ 50 ಎಂಎಂ. ಬ್ಯೂಟಿ ಫಿಲ್ಟರ್ ಖಡಾಖಂಡಿತ ಆಫ್. ಎಷ್ಟೋ ಫೋನುಗಳಲ್ಲಿ ಅದು ಚರ್ಮವನ್ನು ಬೆಳ್ಳಗೆ ಮಾಡಿಬಿಡುತ್ತೆ, ಬಣ್ಣಕ್ಕೆ ಬೈಸಿಕೊಂಡು ಬೆಳೆದವರಿಗೆ ನೀವೂ ಅದೇ ಮಾತು ಹೇಳಿದ ಹಾಗಾಯಿತು. ಹಿಂದೆ ಬಿಳಿ ಗೋಡೆ ಇದ್ದರೆ ಕ್ಯಾಮೆರಾ ಮೋಸಹೋಗಿ ಮುಖವನ್ನು ಮಂಕು ಮಾಡುತ್ತೆ. ಫೋನಿನ ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ) ಲಾಕ್ ಮಾಡಿ. ಇನ್ನು ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲೇ ಇರಲಿ, ಮೇಲಿನಿಂದ ತೆಗೆದರೆ ಪಾಪ ಅನ್ನಿಸುತ್ತೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಅವರ ಚಿತ್ರಗಳನ್ನು ಹುಡುಕಿ ನೋಡಿ.

ಕೂತವರು ಅಳುವ ಹಾಗೆ ಮಾಡಲು ಹೋಗಬೇಡಿ. ನಾನು ಕೇಳುವುದು ಎರಡೇ ಪ್ರಶ್ನೆ: ಏನಂತ ಕರೀತಿದ್ರು? ಆಗ ನಿಮ್ಮ ಜೊತೆ ಯಾರಿದ್ರು? ಉತ್ತರ ಮುಗಿದ ಮೇಲೆ ಬರುವ ಮೌನದಲ್ಲಿ ಕ್ಲಿಕ್ ಮಾಡಿ, ಮಾತಿನ ಮಧ್ಯೆ ಬೇಡ. ಎರಡನೇ ಪ್ರಶ್ನೆ ಆಮೇಲೆ ಹೊಳೆದದ್ದು, ಈಗ ಅದೇ ನನಗೆ ಜಾಸ್ತಿ ಇಷ್ಟ. ‘ಬೆಂಚಿನಲ್ಲಿ ಸರಿದು ಜಾಗ ಕೊಟ್ಟವಳು ಒಬ್ಬಳೇ’ ಅಂತ ಒಬ್ಬರು ಹೇಳಿದರು. ಮುಂದೆ ಫೋಟೋ ನೋಡುವ ಹುಡುಗರಲ್ಲಿ ಕಾಡಿಸುವವರು ನಾಲ್ಕೈದು ಜನ, ನೋಡಿ ಸುಮ್ಮನಿರುವವರು ಮೂವತ್ತು ಜನ ಇರುತ್ತಾರಲ್ಲ, ಅವರಿಗೆ ಮುಟ್ಟುವುದು ಇಂಥ ಸಾಲೇ. ಫೋಟೋ ಕೆಳಗೆ ಆ ಒಂದು ಸಾಲನ್ನು ಹೇಳಿದವರ ಮಾತಿನಲ್ಲೇ ಬರೆಯಿರಿ, ಧಾರವಾಡದ ಕನ್ನಡವಾದರೆ ಧಾರವಾಡದ್ದೇ ಇರಲಿ. ಕಾಡಿಸಿದವರ ಹೆಸರಾಗಲಿ ಶಾಲೆಯ ಹೆಸರಾಗಲಿ ಬೇಡ. ಐದಾರು ಫೋಟೋ ತೋರಿಸಿ, ಯಾವುದು ಅಂತ ಅವರೇ ಆರಿಸಲಿ. ನಿಮಗೆ ಇಷ್ಟವಾದದ್ದನ್ನು ಅವರು ಬಿಟ್ಟರೆ ಹೊಟ್ಟೆ ಉರಿಯುತ್ತೆ, ಆದರೂ ಬಿಡಿ.

ಪ್ರಿಂಟ್ 12x18 ಇಂಚು ಇರಲಿ, 12 ಮೆಗಾಪಿಕ್ಸೆಲ್ ಫೋಟೋಗೆ ಅದು ಆರಾಮಾಗಿ ಬರುತ್ತೆ. ಮ್ಯಾಟ್ ಹಾಳೆ ಕೇಳಿ, ಸನ್‌ಬೋರ್ಡ್‌ಗೆ (ಹಗುರವಾದ ಫೋಮ್ ಹಲಗೆಗೆ) ಅಂಟಿಸಿ. ನೋಡುವವರ ಕಣ್ಣಿನೆತ್ತರಕ್ಕೆ ತೂಗುಹಾಕಿ, ಆರನೇ ಕ್ಲಾಸಿನವರು ನೋಡುವುದಾದರೆ ಇಳಿಸಿ. ದಿನ ಹುಡುಕುತ್ತಿದ್ದರೆ ನವೆಂಬರ್‌ನ ಮೊದಲ ಗುರುವಾರ ಇದೆ. ಶಾಲೆಗಳಲ್ಲಿನ ಹಿಂಸೆ, ಬುಲ್ಲಿಯಿಂಗ್ ವಿರುದ್ಧ ಯುನೆಸ್ಕೋ 2020ರಿಂದ ನಡೆಸುತ್ತಿರುವ ದಿನ ಅದು. ಆ ತಿಂಗಳಿಡೀ ಅಪಾರ್ಟ್‌ಮೆಂಟುಗಳಲ್ಲಿ ರಾಜ್ಯೋತ್ಸವ ನಡೆಯುತ್ತೆ, ಒಂದು ಗೋಡೆ ಕೇಳಿದರೆ ಕೊಡುತ್ತಾರೆ. ಆರ್ಕೆಸ್ಟ್ರಾ ಪಕ್ಕದ ಗೋಡೆ ಮಾತ್ರ ಬೇಡ.

ಫೋಟೋಗಳ ಪಕ್ಕ ಎರಡು ಸಹಾಯವಾಣಿ ನಂಬರ್ ಅಂಟಿಸಿ: ಮಕ್ಕಳಿಗೆ 1098, ಯಾರಿಗಾದರೂ ಮನಸ್ಸು ಭಾರವಾಗಿದ್ದರೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಜೊತೆಗೆ ಕೌನ್ಸೆಲರ್ (ಆಪ್ತ ಸಮಾಲೋಚಕರು) ಅಥವಾ ಮಕ್ಕಳು ನಂಬುವ ಟೀಚರ್ ಒಬ್ಬರು ಅಲ್ಲೇ ಇರಲಿ. ‘ನನಗೂ ಹೀಗೇ ಮಾಡ್ತಿದಾರೆ’ ಅಂತ ಯಾವುದಾದರೂ ಮಗು ಬಂದು ಹೇಳಿದರೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಆ ಮಗುವನ್ನು ಅವರ ಹತ್ತಿರ ಕರೆದುಕೊಂಡು ಹೋಗಿ.

ಪ್ರದರ್ಶನ ಮುಗಿದ ಮೇಲೆ ಪ್ರಿಂಟ್ ಅವರವರಿಗೇ ಕೊಡಿ. ಬ್ಯಾಂಕಿನವರು ತಮ್ಮದನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಒಯ್ದರು. ಮನೆಯಲ್ಲಿ ಹಾಕುತ್ತೀರಾ ಅಂತ ಕೇಳಿದೆ. ‘ಇಲ್ಲಪ್ಪ, ಮಗನಿಗೆ ತೋರಿಸ್ತೀನಿ ಅಷ್ಟೇ’ ಅಂದರು.