ಮಕ್ಕಳ ಕ್ವಾಡ್ ಬೈಕ್ ಕ್ಲಚ್: ಬಿಚ್ಚುವ ಮುಂಚೆ ನಾನು ನೋಡುವುದು

ಕೊಡಗಿನ ಸುಂಟಿಕೊಪ್ಪದ ಕಡೆ ನನ್ನದೊಂದು ಸಣ್ಣ ವರ್ಕ್‌ಶಾಪ್. ಕಳೆ ಹೊಡೆಯುವ ಮೆಷಿನ್, ಚೈನ್ ಸಾ, ಸ್ಪ್ರೇಯರ್ ಪಂಪ್ ರಿಪೇರಿ ಮಾಡುತ್ತೇನೆ. ಸುತ್ತ ಕಾಫಿ ತೋಟ ಇರುವಾಗ ಈ ಕೆಲಸಕ್ಕೆ ಬರವಿಲ್ಲ. ಹೋಂಸ್ಟೇಗಳು ಜಾಸ್ತಿಯಾದ ಮೇಲೆ ಮಕ್ಕಳು ಓಡಿಸುವ ಪುಟ್ಟ ನಾಲ್ಕು ಚಕ್ರದ ಕ್ವಾಡ್ ಬೈಕ್‌ಗಳೂ ಪಿಕಪ್ ಹಿಂದೆ ಕೂತು ಬರತೊಡಗಿದವು. ದೊಡ್ಡ ಬೈಕಿನ ಮೆಕ್ಯಾನಿಕ್‌ಗಳು ಇದನ್ನು ಆಟದ ಸಾಮಾನು ಅಂತ ಮುಟ್ಟುವುದಿಲ್ಲ. ನನಗೆ ಮಾತ್ರ ಇದು ಪರಿಚಯದ ಸಾಮಾನೇ. 49 ಸಿಸಿ ಟೂ ಸ್ಟ್ರೋಕ್ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್, ಒಳಗೆ ಸೆಂಟ್ರಿಫ್ಯೂಗಲ್ ಕ್ಲಚ್. ಕಳೆ ಮೆಷಿನ್ನಿನ ಒಡಹುಟ್ಟಿದ ತಮ್ಮ ಅನ್ನಿ.

ಈ ಕ್ಲಚ್ಚಿಗೆ ಲಿವರ್ ಇಲ್ಲ, ಕೇಬಲ್ ಇಲ್ಲ. ಎಂಜಿನ್ ಜೊತೆ ತಿರುಗುವ ಎರಡೋ ಮೂರೋ ಶೂ ಇರುತ್ತವೆ. ಸ್ಪ್ರಿಂಗ್ ಅವನ್ನು ಒಳಕ್ಕೆ ಹಿಡಿದಿಟ್ಟಿರುತ್ತದೆ. ರೇಸ್ ಕೊಟ್ಟಾಗ ಶೂಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಡ್ರಮ್ಮಿಗೆ ಕಚ್ಚಿಕೊಳ್ಳುತ್ತವೆ. ಡ್ರಮ್ ತಿರುಗಿದರೆ ಅದರ ತುದಿಯ ಪುಟ್ಟ ಸ್ಪ್ರಾಕೆಟ್ ಚೈನ್ ಎಳೆಯುತ್ತದೆ, ಗಾಡಿ ಓಡುತ್ತದೆ. ಅಷ್ಟೇ. ಇಷ್ಟು ಸರಳವಾದ್ದರಿಂದಲೇ ಗಾಡಿ ಎಳೆಯದಿದ್ದರೆ ಎಲ್ಲರೂ ಮೊದಲು ಕ್ಲಚ್ಚಿನ ಮೇಲೆ ಗೂಬೆ ಕೂರಿಸುತ್ತಾರೆ. ‘ಕ್ಲಚ್ ಹೋಗಿದೆ’ ಅಂತ ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ತೊಂದರೆ ಬೇರೆ ಕಡೆಯೇ ಇರುತ್ತದೆ. ಕ್ಲಚ್ ಕೆಟ್ಟಿದ್ದರೂ ಅದನ್ನು ಕೆಡಿಸಿದ್ದು ಬೇರೆ ಏನೋ.

ಹಾಗಾಗಿ ಮೊದಲು ಸ್ಪ್ಯಾನರ್ ಮುಟ್ಟುವುದಿಲ್ಲ. ಎಂಜಿನ್ ಆಫ್ ಇರುವಾಗ ಗಾಡಿಯನ್ನು ಕೈಯಲ್ಲಿ ತಳ್ಳುತ್ತೇನೆ. ಸಲೀಸಾಗಿ ಉರುಳಬೇಕು. ಉರುಳದಿದ್ದರೆ ಬ್ರೇಕ್ ಹಿಡಿದಿದೆ, ಇಲ್ಲ ಚೈನ್ ಬಿಗಿಯಾಗಿದೆ. ನಮ್ಮ ಕಡೆಯ ಕೆಂಪು ಮಣ್ಣು ಬ್ರೇಕ್ ಕೇಬಲ್ಲಿನೊಳಗೆ ಹೊಕ್ಕು ಒಣಗಿದರೆ ಲಿವರ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ. ಪಾಪ, ಅಷ್ಟು ಸಣ್ಣ ಎಂಜಿನ್ ಬ್ರೇಕನ್ನೂ ಎಳೆಯಬೇಕು, ಮಗುವನ್ನೂ ಎಳೆಯಬೇಕು. ಕ್ಲಚ್ ಸ್ಲಿಪ್ ಆಗದೆ ಇನ್ನೇನಾಗುತ್ತದೆ? ಚೈನನ್ನು ಒಂದೇ ಕಡೆ ಒತ್ತಿ ನೋಡಿ ಬಿಡಬಾರದು. ಚಕ್ರ ತಿರುಗಿಸುತ್ತಾ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಬೆರಳಗಲ ಸಡಿಲ ಸಿಗಬೇಕು.

ಆಮೇಲೆ ಎಂಜಿನ್ನಿನ ಶಕ್ತಿ. ಎಂಜಿನ್ ಪೂರ್ತಿ ಸ್ಪೀಡಿಗೆ ಏರದಿದ್ದರೆ ಶೂ ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಅದು ಕ್ಲಚ್ಚಿನ ತಪ್ಪಲ್ಲ. ಹೆಚ್ಚಿನ ಗಾಡಿಗಳಿಗೆ 25:1 ಮಿಶ್ರಣ ಹೇಳಿರುತ್ತಾರೆ, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಟಿ (ಟೂ ಸ್ಟ್ರೋಕ್) ಆಯಿಲ್. ‘ಇನ್ನೂ ಸ್ವಲ್ಪ ಇರಲಿ’ ಅಂತ ಅಂದಾಜಿಗೆ ಸುರಿದರೆ ಪ್ಲಗ್ ಒದ್ದೆ, ಸೈಲೆನ್ಸರ್ ಬಾಯಲ್ಲಿ ಕಾರ್ಬನ್, ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿ ನಿಂತ ಗಾಡಿಯ ಪೆಟ್ರೋಲನ್ನು ನಾನು ಮೂಸಿಯೂ ನೋಡುವುದಿಲ್ಲ, ನೇರ ಚೆಲ್ಲುತ್ತೇನೆ. ಎಥನಾಲ್ ಬೆರೆತ ಪೆಟ್ರೋಲ್ ನಮ್ಮ ಮಳೆಗಾಲದ ಥಂಡಿಯಲ್ಲಿ ನೀರು ಹೀರಿರುತ್ತದೆ. ಕಾರ್ಬುರೇಟರ್ ಕ್ಲೀನ್ ಮಾಡಿ ಹೊಸ ಪೆಟ್ರೋಲ್ ಹಾಕಿದ ಕೂಡಲೇ ‘ಸರಿಯಾದ’ ಕ್ಲಚ್‌ಗಳು ಬೇಕಾದಷ್ಟಿವೆ.

ಇನ್ನೊಂದು ಕಾರಣ ಹೊಳೆಯುವುದು ಕಷ್ಟ. ಕಕ್ಕಬ್ಬೆ ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಒಂದೇ ಗಾಡಿಯನ್ನು ಮತ್ತೆ ಮತ್ತೆ ತರುತ್ತಿದ್ದರು. ‘ಏನ್ ಮಾರಾಯ, ಹೊಸ ಶೂ ಹಾಕಿ ಒಂದು ರಜೆ ಸೀಸನ್ ಕಳೀಲಿಲ್ಲ, ಮತ್ತೆ ಎಳೀತಾ ಇಲ್ಲ’ ಅಂದರು. ಶೂ ನೋಡಿದರೆ ನಿಜವಾಗಿಯೂ ಸುಟ್ಟಿತ್ತು. ಲೈನರ್ ಮೇಲೆ, ಅಂದರೆ ಶೂ ಡ್ರಮ್ಮಿಗೆ ಉಜ್ಜುವ ಪದರದ ಮೇಲೆ, ಕನ್ನಡಿ ಹೊಳಪು, ಡ್ರಮ್ ಒಳಗೆ ನೀಲಿ ಬಣ್ಣ. ಕಬ್ಬಿಣ ನೀಲಿಯಾಗಬೇಕಾದರೆ ಸುಮ್ನೆ ಅಲ್ಲ, ಒಳ್ಳೆ ಬಿಸಿಯೇ ಏರಿರಬೇಕು.

‘ಅಣ್ಣಾ, ಮಕ್ಕಳು ಜೋರಾಗಿ ಓಡಿಸ್ತಾರಾ?’ ಅಂತ ಕೇಳಿದೆ. ‘ಜೋರಾ? ನಾನು ಬಿಟ್ಟರೆ ತಾನೇ! ಸ್ಕ್ರೂ ಪೂರ್ತಿ ಒಳಗೆ ಹಾಕಿಟ್ಟಿದ್ದೇನೆ’ ಅಂದರು.

ಅಲ್ಲೇ ಇತ್ತು ನೋಡಿ. ಹೆಬ್ಬೆರಳಲ್ಲಿ ಒತ್ತುವ ಥ್ರಾಟಲ್ ಪಕ್ಕದಲ್ಲಿ ಒಂದು ಲಿಮಿಟರ್ ಸ್ಕ್ರೂ ಇರುತ್ತದೆ. ಒಳಗೆ ತಿರುಗಿಸಿದಷ್ಟೂ ಮಗು ಕೊಡಬಹುದಾದ ರೇಸ್ ಕಮ್ಮಿ. ಪೂರ್ತಿ ಒಳಗೆ ಹಾಕಿದರೆ ಎಂಜಿನ್ ಸ್ಪೀಡ್ ಶೂ ಅರ್ಧ ಹಿಡಿಯುವಲ್ಲಿಗೇ ನಿಂತುಬಿಡುತ್ತದೆ. ಇತ್ತ ಬಿಡುವುದೂ ಇಲ್ಲ, ಅತ್ತ ಕಚ್ಚುವುದೂ ಇಲ್ಲ. ಇಡೀ ದಿನ ಉಜ್ಜುತ್ತಲೇ ಇರುತ್ತದೆ. ಅದರ ಮೇಲೆ ಅವರ ಅಂಗಳದಿಂದ ಕಾಫಿ ಕಣಕ್ಕೆ ಹೋಗುವ ದಾರಿ ಏರು. ಮಗುವಿನ ಕ್ಷೇಮಕ್ಕೆ ಅಂತ ಮಾಡಿದ್ದೇ ಕ್ಲಚ್ ತಿನ್ನುತ್ತಿತ್ತು.

ಹಾಗಂತ ಸ್ಕ್ರೂ ಪೂರ್ತಿ ಬಿಚ್ಚಿ ಕಳಿಸಲು ಆಗುತ್ತದಾ? ಮಕ್ಕಳ ಗಾಡಿ. ಚೈನ್ ಕವರ್ ತೆಗೆದು ಎಂಜಿನ್ ಸ್ಪ್ರಾಕೆಟ್ ಎಣಿಸಿದೆ, ಏಳು ಹಲ್ಲಿನದು. ಆರು ಹಲ್ಲಿನ ಡ್ರಮ್ ತರಿಸಿ ಹಾಕಿದೆ. ಹಲ್ಲು ಕಮ್ಮಿಯಾದರೆ ಅದೇ ಎಂಜಿನ್ ಸ್ಪೀಡಿಗೆ ಚಕ್ರ ನಿಧಾನ ತಿರುಗುತ್ತದೆ, ಎಳೆತ ಜಾಸ್ತಿ. ಆಮೇಲೆ ಕ್ಲಚ್ ಪೂರ್ತಿ ಕಚ್ಚುವುದಕ್ಕಿಂತ ಸ್ವಲ್ಪ ಹೆಚ್ಚು ರೇಸ್ ಸಿಗುವ ಹಾಗೆ ಸ್ಕ್ರೂ ಹೊರಕ್ಕೆ ತಿರುಗಿಸಿಟ್ಟೆ. ಗಾಡಿ ನಿಧಾನವೇ ಹೋಗುತ್ತದೆ, ಕ್ಲಚ್ಚೂ ಉಳಿಯುತ್ತದೆ. ಜೊತೆಗೆ ಒಂದು ಮಾತು ಹೇಳಿ ಕಳಿಸಿದೆ: ಸಂಜೆ ಹೊತ್ತು ದೊಡ್ಡವರು ಫೋಟೋಕ್ಕೆ ಅಂತ ಹತ್ತಿ ಕೂರುವುದು ಬಂದ್ ಆಗಬೇಕು. ತೂಕ ಎಷ್ಟು ಅಂತ ಗಾಡಿಯ ಮೇಲೇ ಬರೆದಿರುತ್ತದೆ, ಓದುವವರು ಯಾರು!

ಇಷ್ಟೆಲ್ಲಾ ಸರಿ ಇದ್ದರೆ ಕ್ಲಚ್ ಬಿಚ್ಚುವುದು. ಶೂ ಹಿಡಿದಿರುವ ಬೋಲ್ಟ್ ಬಿಚ್ಚಲು ಎಂಜಿನ್ ತಿರುಗದಂತೆ ತಡೆಯಬೇಕು. ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ತುರುಕುವವರನ್ನು ನೋಡಿದ್ದೇನೆ. ಪಿಸ್ಟನ್ ತೂತಾಗಲು ಅದು ಸಾಕು. ನಾನು ಅದೇ ತೂತಿನಿಂದ ನೈಲಾನ್ ಹಗ್ಗ ಇಳಿಸುತ್ತೇನೆ, ಪಿಸ್ಟನ್ ಅದಕ್ಕೆ ಒತ್ತಿ ನಿಲ್ಲುತ್ತದೆ. ಆದರೆ ಟೂ ಸ್ಟ್ರೋಕ್ ಆದ್ದರಿಂದ ಪಿಸ್ಟನ್ ಮೇಲೆ ಬಂದು ಎಕ್ಸಾಸ್ಟ್ ಪೋರ್ಟ್ (ಹೊಗೆ ಹೋಗುವ ತೂತು) ಮುಚ್ಚಿದ ಮೇಲೆಯೇ ಹಗ್ಗ ಹಾಕಬೇಕು. ಇಲ್ಲದಿದ್ದರೆ ಹಗ್ಗ ಪೋರ್ಟಿನೊಳಗೆ ಸಿಕ್ಕಿ ತುಂಡಾಗುತ್ತದೆ. ಚೈನ್ ಸಾ ಕ್ಲಚ್ ಬಿಚ್ಚಿ ಅಭ್ಯಾಸ ಇದ್ದವರು ಗಮನಿಸಿ, ಅದರದು ಉಲ್ಟಾ ಥ್ರೆಡ್. ಈ ಶೂ ಬೋಲ್ಟ್‌ಗಳು ಮಾಮೂಲಿ ಥ್ರೆಡ್.

ಶೂ ಒದ್ದೆಯಾಗಿದ್ದು ಎಣ್ಣೆ ವಾಸನೆ ಬಂದರೆ ಕ್ರ್ಯಾಂಕ್ ಸೀಲ್ (ಎಂಜಿನ್ ಶಾಫ್ಟ್ ಸುತ್ತಲಿನ ಸೀಲ್) ಸೋರುತ್ತಿದೆ. ಸೀಲ್ ಬದಲಿಸದೆ ಶೂ ಮಾತ್ರ ಹೊಸದು ಹಾಕಿದರೆ ದುಡ್ಡು ದಂಡ. ಬರೀ ಹೊಳಪು ಬಂದಿದ್ದು, ಲೈನರ್ ದಪ್ಪ ಇದ್ದರೆ 120 ನಂಬರ್ ಎಮರಿ ಪೇಪರಿನಲ್ಲಿ ಶೂವನ್ನೂ ಡ್ರಮ್ ಒಳಮೈಯನ್ನೂ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿದರೆ ಸಾಕು. ಧೂಳನ್ನು ಬಾಯಲ್ಲಿ ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಒದ್ದೆ ಬಟ್ಟೆ ಸಾಕು. ಗಾಡಿ ಹೊರಡುವಾಗ ಗಡಗಡ ಅಂತ ಅದುರುತ್ತಿದ್ದರೆ ಸ್ಪ್ರಿಂಗ್ ನೋಡಿ. ಸುಮ್ನೆ ಇರುವಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು. ಮಧ್ಯೆ ಬೆಳಕು ಕಂಡರೆ ಸ್ಪ್ರಿಂಗ್ ಹಿಗ್ಗಿದೆ. ಹಿಗ್ಗಿದ್ದು ಒಂದೇ ಆದರೂ ಎಲ್ಲವನ್ನೂ ಸೆಟ್ಟಾಗಿ ಬದಲಿಸಿ, ಒಂದು ಬಲ ಒಂದು ದುರ್ಬಲ ಇದ್ದರೆ ಶೂಗಳು ಒಟ್ಟಿಗೆ ಹಿಡಿಯುವುದಿಲ್ಲ.

ಎಳೆಯದ ಗಾಡಿಗಿಂತ ನನಗೆ ಭಯ ತಾನಾಗಿಯೇ ಹೊರಡುವ ಗಾಡಿ. ಸ್ಟಾರ್ಟ್ ಆದ ಕೂಡಲೇ ಮುಂದಕ್ಕೆ ಹಾರುತ್ತದೆ, ಮೇಲೆ ಕೂತಿರುವುದು ಐದಾರು ವರ್ಷದ ಮಗು. ಇಂಥದ್ದನ್ನು ನಾನು ಹಿಂದಿನ ಚಕ್ರ ನೆಲ ಮುಟ್ಟದಂತೆ ಮರದ ದಿಮ್ಮಿ ಮೇಲೆ ಕೂರಿಸಿಯೇ ಸ್ಟಾರ್ಟ್ ಮಾಡುವುದು. ಮೊದಲು ಸ್ಲೋ ಸ್ಪೀಡ್, ಅಂದರೆ ರೇಸ್ ಕೊಡದಿರುವಾಗಿನ ಐಡ್ಲ್ ಸ್ಪೀಡ್, ಇಳಿಸುತ್ತೇನೆ. ಎಷ್ಟೋ ಸಲ ಎಂಜಿನ್ ಆಫ್ ಆಗಬಾರದು ಅಂತ ಯಾರೋ ಐಡ್ಲ್ ಸ್ಕ್ರೂ ಏರಿಸಿರುತ್ತಾರೆ, ಅಷ್ಟರಲ್ಲೇ ಶೂ ತೆರೆದುಕೊಂಡಿರುತ್ತದೆ. ಇಳಿಸಿದ ಮೇಲೂ ಚಕ್ರ ಜೋರಾಗಿ ತಿರುಗುತ್ತಿದ್ದರೆ ಸ್ಪ್ರಿಂಗ್ ಕೊಕ್ಕೆ ಮುರಿದಿದೆ, ಇಲ್ಲ ಡ್ರಮ್ ಬೇರಿಂಗ್ ಜಾಮ್ ಆಗುತ್ತಿದೆ. ಪ್ರೆಷರ್ ವಾಷರ್‌ನಲ್ಲಿ ಕೆಸರು ತೊಳೆಯುವ ಮನೆಗಳ ಗಾಡಿಗಳಲ್ಲಿ ಬೇರಿಂಗ್ ಬಿಚ್ಚಿದರೆ ಗ್ರೀಸ್ ಇರುವ ಕಡೆ ಕೆಂಪು ತುಕ್ಕಿನ ಪುಡಿ ಉದುರುತ್ತದೆ. ಬಕೆಟ್ ನೀರು, ಬ್ರಷ್ ಸಾಕಲ್ವಾ?

110 ಸಿಸಿ ಫೋರ್ ಸ್ಟ್ರೋಕ್ ಕ್ವಾಡ್‌ಗಳ ಕಥೆ ಬೇರೆ. ಅವುಗಳ ಕ್ಲಚ್ ಎಂಜಿನ್ ಆಯಿಲ್ ಒಳಗೇ ಮುಳುಗಿ ಕೆಲಸ ಮಾಡುತ್ತದೆ. ಸ್ಲಿಪ್ ಅಂತ ಬಂದರೆ ನನ್ನ ಮೊದಲ ಪ್ರಶ್ನೆ, ಯಾವ ಆಯಿಲ್ ಹಾಕಿದಿರಿ? ಮನೆಯಲ್ಲಿದ್ದ ಸ್ಕೂಟರ್ ಆಯಿಲ್ ಅಥವಾ ಕಾರಿನ ಆಯಿಲ್ ಅಂದರೆ ಅರ್ಧ ಉತ್ತರ ಸಿಕ್ಕಿತು. ಸ್ಕೂಟರ್ ಆಯಿಲ್ ಡಬ್ಬದ ಮೇಲೆ ಸಾಮಾನ್ಯವಾಗಿ ಜಾಸೋ ಎಂಬಿ (JASO MB) ಅನ್ನುವ ದರ್ಜೆಯ ಗುರುತು ಇರುತ್ತದೆ, ಅದು ಜಾರಿಕೆ ಜಾಸ್ತಿ ಇರುವ ಆಯಿಲ್. ಇದಕ್ಕೆ ಬೇಕಾದ್ದು ಜಾಸೋ ಎಂಎ (JASO MA). ಆಯಿಲ್ ಬದಲಿಸಿ ಸ್ವಲ್ಪ ಓಡಿಸಿದ ಮೇಲೂ ಹಾಗೇ ಇದ್ದರೆ ಮಾತ್ರ ಸೈಡ್ ಕವರ್ ತೆಗೆಯುತ್ತೇನೆ.

ಯಾವುದೇ ಗಾಡಿಯಾಗಲಿ, ಕೊಡುವ ಮುಂಚೆ ದಿಮ್ಮಿ ಮೇಲೆಯೇ ಒಮ್ಮೆ ಸ್ಟಾರ್ಟ್ ಮಾಡುತ್ತೇನೆ. ಐಡ್ಲ್‌ನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಎಂಜಿನ್ ಆಫ್ ಆಗದೆ ನಿಲ್ಲಬೇಕು, ರೇಸ್ ಬಿಟ್ಟರೆ ಥ್ರಾಟಲ್ ಪಟ್ಟಂತ ವಾಪಸ್ ಬರಬೇಕು. ಕೊನೆಗೆ ಹಿಂದಿನ ಕಿಲ್ ಸ್ವಿಚ್ ಹಗ್ಗ ಎಳೆದು ಎಂಜಿನ್ ನಿಲ್ಲುವುದನ್ನು ಅಪ್ಪನ ಕೈಯಲ್ಲೇ ಮಾಡಿಸುತ್ತೇನೆ. ಆ ಹಗ್ಗ ಕಳೆದುಹೋಗಿದ್ದರೆ ಹೊಸದು ತರುವವರೆಗೆ ಗಾಡಿ ನನ್ನ ಶೆಡ್ಡಲ್ಲೇ ಇರುತ್ತದೆ.